ಬಯೋಚಾರ್ ಹಾಕಿದರೆ ಬೆಳೆಗೂ ಹವಾಮಾನಕ್ಕೂ ನಿಜವಾಗಿ ಲಾಭವಿದೆಯೇ?

ಇದೆ, ಆದರೆ ಎಲ್ಲ ಮಣ್ಣಿನಲ್ಲೂ ಅಲ್ಲ. ಬೆಳೆಯ ಉಳಿಕೆಯನ್ನು ಆಮ್ಲಜನಕ ತೀರಾ ಕಡಿಮೆ ಇರುವಲ್ಲಿ, ಸಾಮಾನ್ಯವಾಗಿ 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ಸಿಗುವ ಇದ್ದಿಲೇ ಬಯೋಚಾರ್. ಹೊಲದಲ್ಲೇ ಬಿಟ್ಟ ಹುಲ್ಲು ಬೇಗ ಕೊಳೆತು ತನ್ನ ಇಂಗಾಲದ ಬಹುಪಾಲನ್ನು ಗಾಳಿಗೆ ಮರಳಿಸುತ್ತದೆ. ಇದ್ದಿಲಿನ ಇಂಗಾಲ ಹೆಚ್ಚಾಗಿ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಜೊತೆಗೆ ಸಾರಜನಕ ಗೊಬ್ಬರದಿಂದ ಹೊರಡುವ ನೈಟ್ರಸ್ ಆಕ್ಸೈಡ್ ಅನೇಕ ಕಡೆ ತಗ್ಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಪ್ರಬಲ, ಹಾಗಾಗಿ ಸಣ್ಣ ಇಳಿಕೆಯೂ ಲೆಕ್ಕಕ್ಕೆ ಬರುತ್ತದೆ.

ಇಳುವರಿಯ ಬಗ್ಗೆ ಮಾರಾಟಗಾರರ ಮಾತನ್ನು ಅರ್ಧ ಮಾತ್ರ ನಂಬಿ. ಹುಳಿ ಮಣ್ಣು, ಸತ್ವವಿಲ್ಲದ ಮರಳು ಮಣ್ಣಿಗೆ ಇದು ಒಳ್ಳೆಯದು. ಫಲವತ್ತಾದ ನೆಲದಲ್ಲಿ ವ್ಯತ್ಯಾಸವೇ ಕಾಣದಿರಬಹುದು. ಹೊಸ ಇದ್ದಿಲನ್ನು ನೇರವಾಗಿ ಹಾಕಿದರೆ ಅದು ಸಾರಜನಕವನ್ನು ಹಿಡಿದಿಟ್ಟುಕೊಂಡು ಬೆಳೆ ಹಳದಿಯಾಗಬಹುದು, ಆದ್ದರಿಂದ ಮೊದಲು ಕಾಂಪೋಸ್ಟಿನಲ್ಲಿ ಕೆಲವು ವಾರ ಬೆರೆಸಿಡಿ.