ಗಿಡ ನೆಡುವುದಕ್ಕಿಂತ ಜಾಸ್ತಿ ಏನಾದರೂ ಪಂಚಾಯಿತಿಯಿಂದ ಆಗುತ್ತದಾ?

ನೀವು ಕೇಳಿದ್ದು ಇಷ್ಟು: "ನಾನು ಮೂಡಿಗೆರೆ ತಾಲೂಕಿನವನು. ಐದಾರು ಜನ ಹುಡುಗರು ಸೇರಿ ಹವಾಮಾನ ಬದಲಾವಣೆ ವಿಷಯದಲ್ಲಿ ಊರಿಗೆ ಏನಾದರೂ ಮಾಡೋಣ ಅಂದುಕೊಂಡಿದ್ದೇವೆ. ಪಂಚಾಯಿತಿಗೆ ಹೋದರೆ, ಜೂನ್ 5ಕ್ಕೆ, ಪರಿಸರ ದಿನಕ್ಕೆ ಬನ್ನಿ, ಗಿಡ ಕೊಡ್ತೀವಿ ಅಂದರು. ಅಷ್ಟೇನಾ? ಇದಕ್ಕಿಂತ ಜಾಸ್ತಿ ಏನೂ ಆಗಲ್ವಾ?"

ಆಗುತ್ತದೆ. ಗಿಡಕ್ಕಿಂತ ತುಂಬಾ ಜಾಸ್ತಿಯೇ ಆಗುತ್ತದೆ. ಆದರೆ ಹವಾಮಾನ ಅಂತ ಹೆಸರು ಬರೆದ ಫೈಲು ಯಾವ ಪಂಚಾಯಿತಿಯಲ್ಲೂ ಸಿಗುವುದಿಲ್ಲ. ಆ ಕೆಲಸ ಕರೆಂಟ್ ಬಿಲ್ಲಿನಲ್ಲಿದೆ, ಕೆರೆಗೆ ನೀರು ಬರುವ ಕಾಲುವೆಯಲ್ಲಿದೆ, ಮನೆ ಕಟ್ಟಲು ಕೊಡುವ ಲೈಸೆನ್ಸಿನಲ್ಲಿದೆ. ಹುಡುಕಬೇಕಾದದ್ದು ಅಲ್ಲಿ.

ನಾನು ಬೇಲೂರು ತಾಲೂಕಿನವಳು, ಹಳೇಬೀಡಿನ ಕಡೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ನಮ್ಮ ಪಡುವಲಿಗೆ ಸಕಲೇಶಪುರ, ಅಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ. ಮೂಡಲಿಗೆ ಅರಸೀಕೆರೆ, ಅಲ್ಲಿ ಏಳುನೂರರ ಆಸುಪಾಸು. ನಡುವೆ ನಾವು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಭರಣಿಯೂ ಕೈಕೊಡುತ್ತದೆ, ಬರಬಾರದ ಹೊತ್ತಲ್ಲಿ ಒಂದೇ ರಾತ್ರಿಗೆ ಸುರಿದು ಹೋಗುತ್ತದೆ. 2023ರಲ್ಲಂತೂ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕಿಗೆ ಬರ ಅಂತ ಘೋಷಣೆಯಾಯಿತು. ನನಗೆ ಪಂಚಾಯಿತಿ ಕೆಲಸ ಅಂದರೆ ಏನು ಅಂತ ಅರ್ಥವಾಗಿದ್ದು ಆ ವರ್ಷವೇ.

ಮೊದಲು ಕರೆಂಟಿನ ಮಾತು ಹೇಳುತ್ತೇನೆ. ಇದು ಎಲ್ಲಕ್ಕಿಂತ ಸುಲಭ, ಮತ್ತು ಯಾರೂ ಬೇಡ ಅನ್ನುವುದಿಲ್ಲ.

ನಮ್ಮ ಪಂಚಾಯಿತಿಯ ಖರ್ಚಿನಲ್ಲಿ ದೊಡ್ಡ ಪಾಲು ಬೀದಿ ದೀಪ ಮತ್ತು ಕುಡಿಯುವ ನೀರಿನ ಮೋಟಾರಿನದ್ದು. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಭೆಗೆ ಅಂತ ಹೊರಟವಳು ನೋಡುತ್ತೇನೆ, ಸುಡು ಬಿಸಿಲಲ್ಲಿ ಸಾಲಾಗಿ ದೀಪ ಉರಿಯುತ್ತಿವೆ. ವಿಚಾರಿಸಿದರೆ ಆ ಸಾಲಿಗೆ ಸ್ವಿಚ್ಚೇ ಇಲ್ಲ, ನೇರ ಲೈನಿಗೆ ಕೊಟ್ಟಿದ್ದಾರೆ. ಅವತ್ತು ಸಭೆಯಲ್ಲಿ ಒಂದು ಲೆಕ್ಕ ಬರೆದು ತೋರಿಸಿದೆ. ನೀವೂ ನಿಮ್ಮೂರಿಗೆ ಹಾಕಿ ನೋಡಿ.

ನೂರು ಹಳೇ ಟ್ಯೂಬ್‌ಲೈಟ್ ಅಂತ ಇಟ್ಟುಕೊಳ್ಳಿ. ಚೋಕ್ ಸೇರಿ ಒಂದಕ್ಕೆ 50 ವ್ಯಾಟ್. ಹಗಲೂ ರಾತ್ರಿ ಉರಿದರೆ ದಿನಕ್ಕೆ 120 ಯೂನಿಟ್. ಬರೀ ಒಂದು ಸ್ವಿಚ್ ಹಾಕಿ ಬೆಳಿಗ್ಗೆ ಆರಿಸಿದರೆ 60 ಯೂನಿಟ್. ಅದೇ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಹಾಕಿದರೆ 24 ಯೂನಿಟ್. ದಿನಕ್ಕೆ 96 ಯೂನಿಟ್ ಉಳಿಯಿತು, ವರ್ಷಕ್ಕೆ 35 ಸಾವಿರ. ನಮ್ಮ ದೇಶದಲ್ಲಿ ಕರೆಂಟ್ ಜಾಸ್ತಿ ಬರುವುದು ಕಲ್ಲಿದ್ದಲಿನಿಂದ, ಹಾಗಾಗಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಸುಮಾರು 24 ಟನ್ ತಪ್ಪಿತು. ಸಭೆಯಲ್ಲಿ ನಾನು ಟನ್ನಿನ ಮಾತೇ ಎತ್ತಲಿಲ್ಲ, ದುಡ್ಡಿನ ಮಾತಾಡಿದೆ. ಆ ದುಡ್ಡಲ್ಲಿ ಒಂದು ಚರಂಡಿ ಆಗುತ್ತದೆ ಅಂದ ಕೂಡಲೇ ಎಲ್ಲರೂ ಒಪ್ಪಿದರು. ಟ್ರಾನ್ಸ್‌ಫಾರ್ಮರ್ ಪಕ್ಕದ ಕಂಬಕ್ಕೆ ಸ್ವಿಚ್ ಡಬ್ಬಿ ಬಂತು. ಎದುರು ಮನೆಯ ಹೆಂಗಸು ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗುವಾಗ ಆರಿಸುತ್ತೇನೆ ಅಂತ ತಾನಾಗಿ ಒಪ್ಪಿಕೊಂಡಳು. ಆಮೇಲೆ ಟೈಮರ್ ಹಾಕಿದೆವು.

ನೀರಿನ ಮೋಟಾರ್ ಕೂಡ ಇದೇ ಲೆಕ್ಕ. ಓವರ್‌ಹೆಡ್ ಟ್ಯಾಂಕ್ ತುಂಬಿ ಚರಂಡಿಗೆ ಹರಿಯುವ ಪ್ರತಿ ಕೊಡದ ಹಿಂದೆ ಅಂತರ್ಜಲವೂ ಇದೆ, ಕಲ್ಲಿದ್ದಲೂ ಇದೆ. ಜಲಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇದೆ. ನಿಮ್ಮ ಮೋಟಾರ್ ಎಷ್ಟು ಗಂಟೆ ಓಡುತ್ತದೆ, ಊರಿನ ಜನ ಎಷ್ಟು ಅಂತ ನೋಡಿದರೆ ಎಲ್ಲಿ ಸೋರುತ್ತಿದೆ ಅನ್ನುವ ಅಂದಾಜು ಸಿಗುತ್ತದೆ. ವಾಟರ್‌ಮ್ಯಾನ್ ಜೊತೆ ಒಂದು ದಿನ ಸುಮ್ನೆ ಓಡಾಡಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ. ಯಾರೂ ಅವರನ್ನು ಕೇಳಿರುವುದಿಲ್ಲ, ಅಷ್ಟೇ.

ಇನ್ನು ಕೆರೆ. ನಮ್ಮೂರ ಕೆರೆ ಹೂಳೆತ್ತಿದ್ದು ನನಗೆ ನೆನಪಿರುವ ಹಾಗೆ ಎರಡು ಸಲ. ಎರಡು ಸಲವೂ ಜೆಸಿಬಿ ಬಂತು, ಟ್ರ್ಯಾಕ್ಟರ್‌ಗಟ್ಟಲೆ ಗೋಡು ಮಣ್ಣು ಹೊಲಗಳಿಗೆ ಹೋಯಿತು, ಎಲ್ಲರಿಗೂ ಖುಷಿಯಾಯಿತು. ಕೆರೆ ಮಾತ್ರ ತುಂಬಲಿಲ್ಲ. 2024ರ ಜನವರಿ, ಬರ ಜೋರಾಗಿತ್ತು. ಹಿಂದೆ ನೀರಗಂಟಿಯಾಗಿದ್ದ, ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಬಿಡುತ್ತಿದ್ದ, ಎಪ್ಪತ್ತು ದಾಟಿದ ಅಜ್ಜ ಒಬ್ಬರು ಪಂಚಾಯಿತಿ ಜಗುಲಿಯಲ್ಲಿ ಕೂತಿದ್ದವರು ಹೇಳಿದರು: "ನೋಡವ್ವ, ಹಂಡೆ ಎಷ್ಟು ತಿಕ್ಕಿದ್ರೇನು, ನೀರು ಬರೋ ದಾರೀನೇ ಮುಚ್ಚೈತೆ. ಬಾ, ತೋರಿಸ್ತೀನಿ."

ಅವರ ಹಿಂದೆ ನಾನು, ನನ್ನ ಓರಗಿತ್ತಿ, ಬಿಲ್ ಕಲೆಕ್ಟರ್ ಮತ್ತು ಮೂವರು ಹುಡುಗರು ಹೊರಟೆವು. ಕೋಡಿ ಕಡೆಗಲ್ಲ, ಕೆರೆಯ ಮೇಲಿನಿಂದ ಗುಡ್ಡದ ಕಡೆಗೆ. ಮೊದಲ ಅರ್ಧ ಕಿಲೋಮೀಟರ್ ಕಾಲುವೆ ಇತ್ತು, ಲಂಟಾನ ತುಂಬಿಕೊಂಡು. ಆಮೇಲೆ ಒಂದು ತೆಂಗಿನ ತೋಟದ ಬದು ಕಾಲುವೆಯೊಳಕ್ಕೇ ಬಂದಿತ್ತು. ಅದನ್ನು ದಾಟಿದರೆ ಟ್ರ್ಯಾಕ್ಟರ್ ಹೋಗಲು ಮಣ್ಣು ಏರಿಸಿದ ದಾರಿ. ಕೆಳಗೆ ಮೋರಿ ಇಲ್ಲ, ಒಂದು ಪೈಪೂ ಇಲ್ಲ. ಅಜ್ಜ ಅಲ್ಲಿ ಕೋಲು ಊರಿ ನಿಂತರು. ಪಕ್ಕದ ಹೊಲದಲ್ಲಿ ಮಳೆನೀರು ಕೊರೆದ ಕೊರಕಲು ತೋರಿಸಿದರು. ಕೆರೆಗೆ ಬರಬೇಕಾದ ನೀರು ಅಲ್ಲಿ ತಿರುಗಿ, ಬೇರೊಬ್ಬರ ರಾಗಿ ಹೊಲವನ್ನು ಕೊಚ್ಚಿಕೊಂಡು ಹಳ್ಳ ಸೇರುತ್ತಿತ್ತು. ತಡೆದಿದ್ದು ಒಂದು ಮೊಳ ಎತ್ತರದ ಮಣ್ಣು. ಅದಕ್ಕೆ ನಾವು ಎರಡು ಸಲ ಕೆರೆ ಅಗೆದಿದ್ದೆವು.

ಗ್ರಾಮ ನಕ್ಷೆ ತಂದು ನೋಡಿದರೆ ಕಾಲುವೆ ಗೆರೆ ಸ್ಪಷ್ಟವಾಗಿ ಇತ್ತು, ದಾಖಲೆಯಲ್ಲಿ ಬಿ ಖರಾಬು ಅಂತ. ಅಂದರೆ ಅದು ಸಾರ್ವಜನಿಕರದ್ದು, ತೋಟದವರದ್ದಲ್ಲ. ಆದರೂ ನಾವು ನೋಟಿಸು, ಜಗಳ ಅಂತ ಹೋಗಲಿಲ್ಲ. ತೋಟದವರ ಬೋರ್‌ವೆಲ್ ಕೂಡ ಆ ವರ್ಷ ಬತ್ತಿತ್ತು. ಕೆರೆಗೆ ನೀರು ಬಂದರೆ ಮೊದಲು ಉಸಿರು ಬರುವುದು ನಿಮ್ಮ ಬೋರಿಗೇ ಅಣ್ಣ ಅಂತ ಕೂತು ಮಾತಾಡಿದೆವು. ಎರಡು ದಿನ ಬಿಟ್ಟು ಅವರೇ ಬದು ಹಿಂದಕ್ಕೆ ಸರಿಸಿಕೊಂಡರು. ಕಾಲುವೆ ಕೆಲಸ ಉದ್ಯೋಗ ಖಾತ್ರಿಯಲ್ಲಿ ಆಯಿತು. ದಾರಿಯ ಕೆಳಗೆ ಎರಡು ದೊಡ್ಡ ಸಿಮೆಂಟ್ ಪೈಪು ಇಟ್ಟೆವು. ಅದೇ ವರ್ಷ ಪುಷ್ಯ ಮಳೆಗೆ ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಪೈಪಿನಿಂದ ಕೆಮ್ಮಣ್ಣು ನೀರು ಧೋ ಅಂತ ಬೀಳುತ್ತಿತ್ತು. ಅಜ್ಜ ಏರಿ ಮೇಲೆ ಕಂಬಳಿ ಹೊದ್ದು ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು.

ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಹಳೇಬೀಡಿನ ಹಳೇ ಹೆಸರು ದ್ವಾರಸಮುದ್ರ, ಆ ಹೆಸರಿನಲ್ಲೇ ಕೆರೆ ಇದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಬಿತ್ತುವಟ್ಟ ಅನ್ನುವ ಮಾತು ಬರುತ್ತದೆ. ಕೆರೆಯ ದುರಸ್ತಿಗೆ ಅಂತಲೇ ಗದ್ದೆ, ಹುಟ್ಟುವಳಿ ತೆಗೆದಿಡುವ ಏರ್ಪಾಡು ಅದು. ಕೆರೆ ಕಟ್ಟಿದವರಿಗೆ ಅದನ್ನು ವರ್ಷ ವರ್ಷ ನೋಡಿಕೊಳ್ಳಬೇಕು ಅನ್ನುವುದು ಗೊತ್ತಿತ್ತು. ನಮ್ಮ ಈಗಿನ ಕ್ರಿಯಾ ಯೋಜನೆಗಳಲ್ಲಿ ಹೊಸ ಕಾಮಗಾರಿಗೆ ಸಾಲು ಇರುತ್ತದೆ, ನೋಡಿಕೊಳ್ಳುವುದಕ್ಕೆ ಇರುವುದಿಲ್ಲ. ಆ ಸಾಲು ಬರೆಸುವುದೇ ನಿಮ್ಮಂಥ ಹುಡುಗರು ಮಾಡಬೇಕಾದ ಕೆಲಸ ಅಂತ ನನಗೆ ಅನಿಸುತ್ತದೆ.

ಯಾವ ಕೆರೆ ಯಾರದ್ದು ಅಂತಲೂ ತಿಳಿದುಕೊಳ್ಳಿ. ಕೆರೆಯ ನೀರು ಹರಿಯುವ ಜಮೀನು, ಅಂದರೆ ಅಚ್ಚುಕಟ್ಟು, 40 ಹೆಕ್ಟೇರಿನೊಳಗೆ ಇದ್ದರೆ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳ ಕಡೆ. ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಇದು ಗೊತ್ತಿಲ್ಲದೆ ನಾವು ಆರು ತಿಂಗಳು ತಪ್ಪು ಬಾಗಿಲು ತಟ್ಟಿದ್ದೆವು.

ಆದರೆ ನಿಮ್ಮದು ಮೂಡಿಗೆರೆ. ನಮ್ಮ ಮದ್ದು ನಿಮ್ಮ ರೋಗಕ್ಕೆ ಆಗುವುದಿಲ್ಲ. ನಮ್ಮ ಕೆರೆಗೆ ನೀರು ಬಂದ ಅದೇ 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ತಿರ ಗುಡ್ಡ ಹೆದ್ದಾರಿ ಮೇಲೆ ಜಾರಿತು. 2019ರ ಆಗಸ್ಟ್‌ನಲ್ಲಿ ನಿಮ್ಮ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿ ನೀರು ನಿಲ್ಲಿಸಬೇಕು. ನಿಮ್ಮ ಕಡಿದಾದ ಜಾಗಗಳಲ್ಲಿ ನೀರಿಗೆ ದಾರಿ ಬಿಡಬೇಕು. ಅಂಥ ಕಡೆ ಇಂಗುಗುಂಡಿ ತೋಡಿ ಅಂತ ಯಾರಾದರೂ ಗುರಿ ಕೊಟ್ಟರೆ, ಜಾಗ ನೋಡದೆ ಒಪ್ಪಬೇಡಿ. ನೆನೆದ ಮಣ್ಣಿಗೆ ಇನ್ನಷ್ಟು ನೀರು ಕುಡಿಸಿದರೆ ಅದು ಜಾರುತ್ತದೆ.

ನಿಮ್ಮ ಪಂಚಾಯಿತಿಯ ಕೈಲಿರುವ ದೊಡ್ಡ ಅಸ್ತ್ರ ಕಟ್ಟಡದ ಲೈಸೆನ್ಸು. ಮನೆಯಾಗಲಿ ಹೋಂಸ್ಟೇ ಆಗಲಿ, ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಸೈಟು ಮಾಡಿದರೆ ಮೇಲಿನ ಧರೆಗೆ, ಅಂದರೆ ಆ ಮಣ್ಣಿನ ಗೋಡೆಗೆ, ಆಸರೆ ಹೋಯಿತು. ತೋಟದ ರಸ್ತೆಗೂ ಅಷ್ಟೇ. ರಸ್ತೆ ಮಾಡುವಾಗ ಚಿಕ್ಕ ಚಿಕ್ಕ ಹಳ್ಳಗಳನ್ನು ಮುಚ್ಚಿಬಿಡುತ್ತಾರೆ, ಮೋರಿ ಇಡುವುದಿಲ್ಲ. ಊರಿನ ಹಿರಿಯರನ್ನು ಕರೆದುಕೊಂಡು ಒಂದು ಸಲ ಆಷಾಢದ ಮಳೆಯಲ್ಲೇ ಸುತ್ತಿ. ಯಾವ ಧರೆಯಲ್ಲಿ ಹೊಸ ಒರತೆ ಎದ್ದಿದೆ, ಎಲ್ಲಿ ನೆಲ ಬಿರುಕು ಬಿಟ್ಟಿದೆ, ಎಲ್ಲಿ ಮರ ವಾಲಿದೆ ಅಂತ ಸರ್ವೆ ನಂಬರ್ ಸಮೇತ ಬರೆಯಿರಿ. ಆ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕಕ್ಕೆ ಸೇರಿಸಿ. ಮುಂದೆ ಆ ಜಾಗಕ್ಕೆ ಯಾರು ಲೈಸೆನ್ಸ್ ಕೇಳಿ ಬಂದರೂ ಪಂಚಾಯಿತಿ ಅಧಿಕಾರಿ ಪಿಡಿಒ ಕಣ್ಣಮುಂದೆ ಅದು ಇರುತ್ತದೆ.

ಗಿಡದ ಬಗ್ಗೆ ನನಗೆ ನೋವಿದೆ. ಒಂದು ವರ್ಷ ರಸ್ತೆ ಬದಿಗೆ ಹೊಂಗೆ, ನೇರಳೆ ನೆಟ್ಟು, ಬೇಸಿಗೆಯೆಲ್ಲ ಸ್ವಸಹಾಯ ಸಂಘದ ಹೆಂಗಸರು ಕೊಡದಲ್ಲಿ ನೀರು ಹೊತ್ತು ಉಳಿಸಿದ್ದೆವು. ಮಾರನೇ ವರ್ಷ ಪೈಪ್‌ಲೈನ್ ಕೆಲಸದವರು ಬಂದು ಒಂದೇ ಮಧ್ಯಾಹ್ನ ಎಲ್ಲಾ ಕಿತ್ತರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಹಾಗಾಗಿ ಜೂನ್ 5ಕ್ಕೆ ಹೋಗಿ, ಗಿಡ ತನ್ನಿ, ಆದರೆ ಯಾರೂ ಅಗೆಯದ ಜಾಗದಲ್ಲಿ ನೆಡಿ. ಶಾಲೆ ಅಂಗಳ, ದೇವರಕಾಡು, ಸ್ಮಶಾನದ ಬೇಲಿ. ನಿಮ್ಮ ಕಡೆ ತೋಟಗಳಲ್ಲಿ ನೆರಳಿಗೆ ಸಿಲ್ವರ್ ಓಕ್ ಮರ ಒಂದೇ ತುಂಬಿಕೊಳ್ಳುತ್ತಿದೆ. ಹಲಸು, ಅತ್ತಿ, ಬಸರಿ ಕಡಿಯಬೇಡಿ ಅಂತ ಬೆಳೆಗಾರರ ಜೊತೆ ಮಾತಾಡುವುದು ನೂರು ಗಿಡ ನೆಟ್ಟದ್ದಕ್ಕೆ ಸಮ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಊರಿನ ಗಿಡಮರ, ಪ್ರಾಣಿ ಪಕ್ಷಿಗಳ ಒಂದು ದಾಖಲೆ ಪುಸ್ತಕ ಇರಬೇಕು. ಅದನ್ನು ಕೇಳಿ ತೆಗೆಸಿ ಓದಿ.

ಕಸ ಸುಡುವುದನ್ನು ನಿಲ್ಲಿಸಿ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಡಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು ಹಲವು ಕಡೆ ಸ್ವಚ್ಛ ವಾಹಿನಿ ಅನ್ನುವ ಕಸದ ಗಾಡಿ ಓಡಿಸುತ್ತಿದ್ದಾರೆ, ಅವರ ಜೊತೆ ನಿಂತುಕೊಳ್ಳಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ ಅಲ್ವಾ? 15ನೇ ಹಣಕಾಸು ಆಯೋಗದ ಅನುದಾನ 2021ರಿಂದ ಐದು ವರ್ಷ ಬಂತು. ಅದರಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅಂತ ಕಟ್ಟುಪಾಡು ಇತ್ತು. ನಮ್ಮ ಪೈಪಿನ ದುಡ್ಡು ಬಂದದ್ದು ಅಲ್ಲಿಂದ. ಯಾವ ಅನುದಾನವೇ ಆಗಲಿ, ಕ್ರಿಯಾ ಯೋಜನೆಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ. ಯೋಜನೆಯ ತಯಾರಿ ಶುರುವಾಗುವುದು ಅಕ್ಟೋಬರ್ 2ರ ಹೊತ್ತಿಗೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಬಾಯಲ್ಲಿ ಹೇಳಿ ಬರಬೇಡಿ. ಕೆಲಸದ ಹೆಸರು, ಜಾಗ, ಸರ್ವೆ ನಂಬರ್ ಬರೆದು ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಯೋಜನೆಯ ಒಂಬತ್ತು ವಿಷಯಗಳಲ್ಲಿ ನೀರು ಸಮೃದ್ಧವಾದ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ ಅನ್ನುವ ಎರಡು ಇವೆ. ನಿಮ್ಮ ಅರ್ಜಿಯಲ್ಲಿ ಆ ಮಾತುಗಳನ್ನೇ ಬಳಸಿ, ದಾರಿ ಸಲೀಸಾಗುತ್ತದೆ.

ಪಂಚಾಯಿತಿಯವರು ಇದೆಲ್ಲಾ ನಮ್ಮಿಂದ ಆಗುವ ಕೆಲಸವಾ ಅಂದರೆ ಕೇರಳದ ವಯನಾಡಿನ ಮೀನಂಗಾಡಿ ಕಥೆ ಹೇಳಿ. ಅದೂ ನಿಮ್ಮ ಹಾಗೆ ಕಾಫಿ ಬೆಳೆಯುವ ಸೀಮೆ. 2016ರಲ್ಲಿ ಅಲ್ಲಿನ ಪಂಚಾಯಿತಿ, ನಾವು ಬಿಡುವಷ್ಟು ಇಂಗಾಲವನ್ನು ನಾವೇ ಹೀರಿಕೊಳ್ಳುವ ಹಾಗೆ ಮಾಡುತ್ತೇವೆ ಅಂತ ಹೊರಟಿತು. ರೈತ ತನ್ನ ಜಮೀನಿನಲ್ಲಿ ನೆಟ್ಟು ಉಳಿಸಿದ ಪ್ರತಿ ಮರದ ಮೇಲೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ, ಮರ ಕಡಿದರೆ ಮಾತ್ರ ತೀರಿಸಬೇಕು ಅನ್ನುವ ಏರ್ಪಾಡು ಮಾಡಿದರು. ಮರ ಉಳಿಸಿದವನಿಗೆ ಕೈಗೆ ಕಾಸು ಬರುವ ಹಾಗೆ ಯೋಚಿಸಿದ್ದು ನನಗೆ ಬಹಳ ಹಿಡಿಸಿತು.

ನೀವು ನಾಳೆ ಮಾಡಬಹುದಾದದ್ದು: ಪಂಚಾಯಿತಿಗೆ ಹೋಗಿ ಬೀದಿ ದೀಪ ಮತ್ತು ನೀರಿನ ಮೋಟಾರುಗಳ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಪಟ್ಟಿ, ಹಿಂದಿನ ಹನ್ನೆರಡು ತಿಂಗಳ ಬಿಲ್ ಕೇಳಿ. ಮರ್ಯಾದೆಯಿಂದ ಕೇಳಿದರೆ ಕೊಡುತ್ತಾರೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೈಗೆ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ಯಾವ ಸಾಲಿನ ದೀಪ ಹಗಲು ಉರಿಯುತ್ತಿದೆ ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ.