ಮಳೆಗಾಲದ ಓದಿಗೆ ಹಿಮದ ಪುಸ್ತಕಗಳು

ಉತ್ತರ ಧ್ರುವದ ಪ್ರಯಾಣ ಕಥನಗಳ ಬಗ್ಗೆ ಈ ಸಲ ಕೊಡಗಿನಿಂದ ಸಾಲುಸಾಲು ಪತ್ರಗಳು ಬಂದಿವೆ. ಕಕ್ಕಡದ ಮಳೆ ಹಿಡಿದು ಮನೆಯೊಳಗೇ ಕೂರುವ ದಿನಗಳಿಗೆ ಇದಕ್ಕಿಂತ ಒಳ್ಳೆಯ ಓದು ಕಷ್ಟ. ಆರಿಸಿದ ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಧ್ರುವ ಪ್ರಯಾಣದ ಒಂದು ಪುಸ್ತಕವನ್ನೂ ಓದಿಲ್ಲ. ಯಾವುದರಿಂದ ಶುರು ಮಾಡಲಿ? ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. (ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಅವರ ‘ಫಾರ್ದೆಸ್ಟ್ ನಾರ್ತ್’ನಿಂದ ಶುರು ಮಾಡಿ. 1897ರ ಪುಸ್ತಕ, ಎರಡು ಸಂಪುಟ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಗಿದೆ. ಹಳೇ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ, ಇಡೀ ಪುಸ್ತಕ ಒಂದು ಲೆಕ್ಕದ ಮೇಲೆ ನಿಂತಿದೆ. 1881ರಲ್ಲಿ ಜೀನೆಟ್ ಎಂಬ ಅಮೆರಿಕದ ಹಡಗು ಸೈಬೀರಿಯಾದ ಉತ್ತರಕ್ಕೆ ಹಿಮದ ನಡುವೆ ಸಿಕ್ಕಿ ಜಜ್ಜಿಹೋಗಿ ಮುಳುಗಿತು. ಮೂರು ವರ್ಷದ ಮೇಲೆ ಅದರ ಸಾಮಾನುಗಳು ಗ್ರೀನ್‌ಲ್ಯಾಂಡಿನ ನೈಋತ್ಯ ದಡದಲ್ಲಿ ಸಿಕ್ಕವು. ಅಂದರೆ ಧ್ರುವ ಸಾಗರದ ಹಿಮ ನಿಂತಲ್ಲೇ ನಿಂತಿಲ್ಲ, ಈ ಕಡೆಯಿಂದ ಆ ಕಡೆಗೆ ಹರಿಯುತ್ತಿದೆ. ಹಾಗಿದ್ದರೆ ಹಿಮದ ಜತೆ ಗುದ್ದಾಡುವುದೇಕೆ, ಅದರ ಬೆನ್ನ ಮೇಲೆ ಕೂತೇ ಹೋಗೋಣ ಎಂದರು ನಾನ್ಸೆನ್. ಅದಕ್ಕೆಂದೇ ಕಾಲಿನ್ ಆರ್ಚರ್ ಕಟ್ಟಿದ ಹಡಗು ‘ಫ್ರಾಮ್’. ಉದ್ದ ಸುಮಾರು 39 ಮೀಟರ್, ಅಗಲ 11. ಉದ್ದಕ್ಕೆ ಹೋಲಿಸಿದರೆ ಬಲು ಅಗಲ. ತಳ ಬಟ್ಟಲಿನಂತೆ ದುಂಡಗೆ. ಹಿಮ ಎರಡೂ ಕಡೆಯಿಂದ ಒತ್ತಿದಾಗ ಹಿಡಿತ ಸಿಗದೆ ಹಡಗು ಮೇಲಕ್ಕೆ ಜಾರಬೇಕು, ಅದೇ ಉಪಾಯ. ಹೊರಮೈಗೆ ಗ್ರೀನ್‌ಹಾರ್ಟ್ ಎಂಬ ಗಡುಸು ಮರದ ಹೊದಿಕೆ. ಚುಕ್ಕಾಣಿಯನ್ನೂ ಪ್ರೊಪೆಲ್ಲರನ್ನೂ ಮೇಲಕ್ಕೆ ಎಳೆದುಕೊಳ್ಳಬಹುದಿತ್ತು, ಇಲ್ಲದಿದ್ದರೆ ಮೊದಲು ಮುರಿಯುವುದು ಅವೇ. ಈ ದುಂಡು ತಳಕ್ಕೆ ತೆತ್ತ ಬೆಲೆಯೂ ಇದೆ: ತೆರೆದ ಕಡಲಿನಲ್ಲಿ ಫ್ರಾಮ್ ವಿಪರೀತ ಹೊಯ್ದಾಡುತ್ತಿತ್ತು. 1893ರ ಸೆಪ್ಟೆಂಬರಿನಲ್ಲಿ ಹಿಮದಲ್ಲಿ ಸೇರಿಕೊಂಡದ್ದು, 1896ರ ಆಗಸ್ಟಿನಲ್ಲಿ ಇನ್ನೊಂದು ಕಡೆ ಹೊರಗೆ ಬಂತು. ಹೊರಟ ಹದಿಮೂರು ಮಂದಿಯೂ ಬದುಕಿ ಮರಳಿದರು.

ನಿಧಾನವಾಗಿ ಓದುವವರು ಹಡಗು ಕಟ್ಟಿದ ಅಧ್ಯಾಯವನ್ನು ಪೂರ್ತಿ ಓದಿ. ಆಮೇಲಿನ ತೇಲಾಟದ ದಿನಚರಿಯಲ್ಲಿ ಬೇಸರವೆನಿಸಿದ ಕಡೆ ಹಾರಿಸಿದರೂ ನಷ್ಟವಿಲ್ಲ. ಆದರೆ 1895ರ ಮಾರ್ಚ್ 14ರಿಂದ ಮುಂದಕ್ಕೆ ಒಂದು ಸಾಲನ್ನೂ ಬಿಡಬೇಡಿ. ಅಂದು ನಾನ್ಸೆನ್ ಮತ್ತು ಹಡಗಿನ ಸಂಗಾತಿ ಯೋಹಾನ್ಸೆನ್ 28 ನಾಯಿ, ಮೂರು ಸ್ಲೆಡ್ಜ್ (ಜಾರುಬಂಡಿ), ಎರಡು ಕಯಾಕ್ ದೋಣಿಗಳೊಂದಿಗೆ ಹಡಗು ಬಿಟ್ಟು ಧ್ರುವದತ್ತ ನಡೆದರು. ತೋಳದ ಚರ್ಮದ ಉಡುಪು ಸೆಕೆಯಾಗುತ್ತದೆಂದು ಹಡಗಿನಲ್ಲೇ ಬಿಟ್ಟು ಉಣ್ಣೆಬಟ್ಟೆ ತೊಟ್ಟಿದ್ದರು. ಬೆವರು ಉಣ್ಣೆಯಲ್ಲಿ ಇಂಗಿ, ಅಲ್ಲೇ ಹೆಪ್ಪುಗಟ್ಟಿ, ಬಟ್ಟೆ ತಗಡಿನಂತಾಯಿತು. ನಡೆಯುವಾಗ ತೋಳಿನ ಅಂಚು ಉಜ್ಜಿ ಉಜ್ಜಿ ನಾನ್ಸೆನ್ ಅವರ ಮಣಿಕಟ್ಟಿನಲ್ಲಿ ಆಳವಾದ ಹುಣ್ಣುಗಳಾದವು. ರಾತ್ರಿ ಮಲಗುಚೀಲದೊಳಗೆ ಮೈಶಾಖಕ್ಕೆ ಬಟ್ಟೆ ಕರಗಿ ಒದ್ದೆ, ಬೆಳಗ್ಗೆ ಮತ್ತೆ ತಗಡು. ಚಳಿಗಿಂತ ಬೆವರು ದೊಡ್ಡ ಶತ್ರು ಎಂಬುದು ಈ ಪುಟಗಳಲ್ಲಿ ತಿಳಿಯುವಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯುವುದಿಲ್ಲ.

86 ಡಿಗ್ರಿ 14 ಮಿನಿಟ್ ಉತ್ತರ ಅಕ್ಷಾಂಶ ತಲುಪಿ ಅವರು ಹಿಂದಿರುಗಿದರು. ಆ ವಾಪಸು ದಾರಿಯಲ್ಲಿ, ದೀರ್ಘ ನಡಿಗೆಯ ದಣಿವಿನಲ್ಲಿ ಕೀಲಿ ಕೊಡುವುದನ್ನು ಮರೆತು ಇಬ್ಬರ ಗಡಿಯಾರವೂ ನಿಂತವು. ಓದುವವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಸರಿಯಾದ ಸಮಯವಿಲ್ಲದೆ ರೇಖಾಂಶ ಸಿಗುವುದಿಲ್ಲ. ಗಡಿಯಾರ 4 ನಿಮಿಷ ತಪ್ಪಿದರೆ ರೇಖಾಂಶ 1 ಡಿಗ್ರಿ ತಪ್ಪುತ್ತದೆ. ಕೊಡಗಿನಲ್ಲಾದರೆ ಅದು ಸುಮಾರು 109 ಕಿ.ಮೀ., 82ನೇ ಅಕ್ಷಾಂಶದಲ್ಲಿ ಸುಮಾರು 15. ಇದರ ಫಲ, ಧ್ರುವ ಸಾಗರದ ದ್ವೀಪಸಮೂಹವಾದ ಫ್ರಾನ್ಸ್ ಯೋಸೆಫ್ ಲ್ಯಾಂಡಿನ ದ್ವೀಪ ಕಣ್ಣೆದುರು ಇದ್ದರೂ ಅದು ಯಾವುದೆಂದು ಅವರಿಗೆ ಗೊತ್ತಾಗಲಿಲ್ಲ. ಕಲ್ಲಿನ ಗುಡಿಸಲು ಕಟ್ಟಿ, ಮೇಲೆ ವಾಲ್ರಸ್ ಚರ್ಮ ಹೊದಿಸಿ, ಕರಡಿ ಮಾಂಸ ತಿಂದು ಒಂದು ಚಳಿಗಾಲ ಕಳೆದರು.

ಓದುವಾಗ ಪಕ್ಕದಲ್ಲಿ ಭೂಗೋಳ ಇರಲಿ. ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತದೆ, ದಾರಿಯ ಅಂದಾಜೇ ತಪ್ಪುತ್ತದೆ. ಧ್ರುವವನ್ನು ನಡುವೆ ಇಟ್ಟು ಬರೆದ ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಕ್ಕಳಿಗೆ ಓದಿ ಹೇಳುವಾಗ ಫ್ಯಾರನ್‌ಹೀಟ್, ಮೈಲಿ, ‘ಡಿಗ್ರೀಸ್ ಆಫ್ ಫ್ರಾಸ್ಟ್’ ಇವುಗಳಲ್ಲಿ ಎಡವುತ್ತೇನೆ. (ಶಿಕ್ಷಕಿ, ಗೋಣಿಕೊಪ್ಪಲು)

ಉತ್ತರ: ಫ್ಯಾರನ್‌ಹೀಟ್‌ನಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. ಮೈನಸ್ 40 ಎರಡರಲ್ಲೂ ಒಂದೇ. ಮಕ್ಕಳಿಗೆ ಅದನ್ನು ಮೈಲಿಗಲ್ಲಿನಂತೆ ಹೇಳಿಕೊಡಿ. ‘50 ಡಿಗ್ರೀಸ್ ಆಫ್ ಫ್ರಾಸ್ಟ್’ ಎಂದರೆ ಮೈನಸ್ 50 ಅಲ್ಲ. ನೀರು ಹೆಪ್ಪುಗಟ್ಟುವ 32ಕ್ಕಿಂತ 50 ಕೆಳಗೆ, ಅಂದರೆ ಮೈನಸ್ 18 ಫ್ಯಾರನ್‌ಹೀಟ್, ನಮ್ಮ ಲೆಕ್ಕಕ್ಕೆ ಮೈನಸ್ 28 ಸೆಲ್ಸಿಯಸ್. ಬ್ರಿಟಿಷ್ ಲೇಖಕರಲ್ಲಿ ಇದು ಪದೇ ಪದೇ ಬರುತ್ತದೆ.

ಮೈಲಿಯಲ್ಲೂ ಎರಡು ಬಗೆ. ನೆಲದ ಮೈಲಿ 1.609 ಕಿ.ಮೀ., ಭೌಗೋಳಿಕ ಮೈಲಿ ಸುಮಾರು 1.85. ಎರಡನೆಯದು ಅಕ್ಷಾಂಶದ ಒಂದು ಮಿನಿಟ್‌ಗೆ ಸಮ. ಹಾಗಾಗಿ ಲೆಕ್ಕ ಸುಲಭ. ನಾನ್ಸೆನ್ ನಿಂತ ಜಾಗದಿಂದ ಧ್ರುವಕ್ಕೆ 3 ಡಿಗ್ರಿ 46 ಮಿನಿಟ್, ಅಂದರೆ 226 ಭೌಗೋಳಿಕ ಮೈಲಿ, ಸುಮಾರು 418 ಕಿ.ಮೀ. ಮಡಿಕೇರಿಯಿಂದ ಬೆಂಗಳೂರಿನ ದಾರಿಯ ಒಂದೂವರೆ ಪಟ್ಟಿಗಿಂತ ಹೆಚ್ಚು, ಅದೂ ಕಾಲ ಕೆಳಗಿನ ನೆಲವೇ ಹಿಂದಕ್ಕೆ ತೇಲುತ್ತಿರುವಾಗ.

ಪ್ರಶ್ನೆ: ಎಲ್ಲ ಪುಸ್ತಕಗಳಲ್ಲೂ ‘ಪೆಮಿಕನ್’ ಬರುತ್ತದೆ. ನಮ್ಮಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುವ ಹಂದಿಮಾಂಸದಂಥದ್ದೇ? ಅವರಿಗೆ ಸ್ಕರ್ವಿ (‘ಸಿ’ ವಿಟಮಿನ್ ಕೊರತೆಯ ರೋಗ) ಬಂದಾಗ ಕಾಚಂಪುಳಿಯಂಥ ಹುಳಿ ಇದ್ದಿದ್ದರೆ ಗುಣವಾಗುತ್ತಿತ್ತೇ? (ಗೃಹಿಣಿ, ಸೋಮವಾರಪೇಟೆ)

ಉತ್ತರ: ಬೇರೆ. ನಿಮ್ಮ ಹೊಗೆಮಾಂಸದಲ್ಲಿ ಕೊಬ್ಬೂ ಉಪ್ಪೂ ಇರುತ್ತದೆ, ಸ್ವಲ್ಪ ತೇವವೂ ಉಳಿದಿರುತ್ತದೆ. ಪೆಮಿಕನ್‌ಗೆ ಕೊಬ್ಬನ್ನೆಲ್ಲ ಬಿಡಿಸಿದ ಮಾಂಸವನ್ನು ತೆಳ್ಳಗೆ ಸೀಳಿ, ಬಗ್ಗಿಸಿದರೆ ಪಟ್ಟನೆ ಮುರಿಯುವಷ್ಟು ಒಣಗಿಸುತ್ತಾರೆ. 1 ಕಿಲೋ ಹಸಿಮಾಂಸ ಕಾಲು ಕಿಲೋ ಚಿಲ್ಲರೆಗೆ ಇಳಿಯುತ್ತದೆ. ಕುಟ್ಟಿ ಪುಡಿ ಮಾಡಿ, ಅಷ್ಟೇ ತೂಕದ ಕರಗಿಸಿದ ಕೊಬ್ಬನ್ನು ಸುರಿದು ಕಲಸಿ, ಅಚ್ಚು ಹಾಕುತ್ತಾರೆ. ಕೊಬ್ಬು ಕುದಿಯುವಾಗ ಬರುವ ಗುಳ್ಳೆ ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಒಳಗೆ ನೀರಿದೆ ಎಂದರ್ಥ, ಕೆಡುತ್ತದೆ. ಉಪ್ಪು ಹಾಕದಿರುವುದಕ್ಕೂ ಪ್ರಯೋಜನವಿದೆ: ಬಾಯಾರಿದರೆ ಹಿಮ ಕರಗಿಸಬೇಕು, ಕರಗಿಸಲು ಸೀಮೆಎಣ್ಣೆ ಸುಡಬೇಕು, ಆ ಎಣ್ಣೆಯನ್ನೂ ಸ್ಲೆಡ್ಜಿನಲ್ಲೇ ಎಳೆಯಬೇಕು. ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದರೆ ಬೇಸಿಗೆಯಲ್ಲಿ ಮಾಡಿ, ಗಟ್ಟಿಯಾಗಿ ಹೆಪ್ಪುಗಟ್ಟುವ ಕುರಿಕೊಬ್ಬು ಬಳಸಿ. ಮಳೆಗಾಲದಲ್ಲಿ ಒಣಮಾಂಸ ಕುಟ್ಟಿ ಮುಗಿಯುವಷ್ಟರಲ್ಲೇ ತೇವ ಎಳೆದುಕೊಳ್ಳುತ್ತದೆ.

ಅಳತೆಯ ಅಂದಾಜಿಗೆ ದಕ್ಷಿಣ ಧ್ರುವದ ಸ್ಕಾಟ್ ತಂಡದ ಪಡಿತರ ನೋಡಿ. ಒಬ್ಬರಿಗೆ ದಿನಕ್ಕೆ ಬಿಸ್ಕತ್ತು 454 ಗ್ರಾಂ, ಪೆಮಿಕನ್ 340, ಸಕ್ಕರೆ 85, ಬೆಣ್ಣೆ 57, ಉಳಿದದ್ದು ಟೀ ಮತ್ತು ಕೋಕೋ. ಸುಮಾರು ಒಂದು ಕಿಲೋ. ಕೇಳಲು ಧಾರಾಳ, ಆದರೆ ದಿನವಿಡೀ ಸ್ಲೆಡ್ಜ್ ಎಳೆಯುವ ಮೈಗೆ ಅದು ಸಾಲದು. ‘ಸಿ’ ವಿಟಮಿನ್ ಅಂತೂ ಅದರಲ್ಲಿ ಇಲ್ಲವೇ ಇಲ್ಲ.

ಹುಳಿಯ ಪ್ರಶ್ನೆ ಬಹಳ ಚೆನ್ನಾಗಿದೆ, ಏಕೆಂದರೆ ಬ್ರಿಟಿಷ್ ನೌಕಾಪಡೆ ಎಡವಿದ್ದು ಅಲ್ಲೇ. ಹುಳಿಯೇ ಮದ್ದು ಎಂದು ನಂಬಿ, 1860ರ ದಶಕದಲ್ಲಿ ದೊಡ್ಡ ಲೆಮನ್ ಹಣ್ಣಿನ ರಸ ಬಿಟ್ಟು ವೆಸ್ಟ್ ಇಂಡೀಸಿನ ಲೈಮ್ ರಸಕ್ಕೆ ಹೋದರು. ಹುಳಿ ಹೆಚ್ಚು, ‘ಸಿ’ ವಿಟಮಿನ್ ಕಡಿಮೆ. ಶೇಖರಣೆಯಲ್ಲಿ ಅದೂ ನಾಶ. 1875–76ರಲ್ಲಿ ಜಾರ್ಜ್ ನೇರ್ಸ್ ನೇತೃತ್ವದ ಉತ್ತರದ ಯಾತ್ರೆಯನ್ನು ಸ್ಕರ್ವಿ ಮಟ್ಟಹಾಕಿತು. ಕಾಚಂಪುಳಿಯನ್ನು ನೀವು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತೀರಿ. ಹುಳಿ ಉಳಿಯುತ್ತದೆ, ‘ಸಿ’ ವಿಟಮಿನ್ ಶಾಖಕ್ಕೆ ಹೋಗುತ್ತದೆ. ಹಾಗಾಗಿ ಅದನ್ನು ನಂಬುವಂತಿರಲಿಲ್ಲ. ಕೊಡಗಿನ ಕಿತ್ತಳೆ ತಾಜಾ ಸಿಕ್ಕಿದ್ದರೆ ಮಾತು ಬೇರೆ. ಉತ್ತರ ಧ್ರುವ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನ ಹಣ್ಣಿಲ್ಲದೆಯೂ ಸ್ಕರ್ವಿಯಿಂದ ದೂರ ಇದ್ದದ್ದು ಸೀಲ್ ಮಾಂಸವನ್ನೂ ತಿಮಿಂಗಿಲದ ಚರ್ಮವನ್ನೂ ಹಸಿಯಾಗಿ ತಿನ್ನುತ್ತಿದ್ದುದರಿಂದ.

ಪ್ರಶ್ನೆ: ಫ್ರಾಂಕ್ಲಿನ್ ತಂಡ ಸೀಸದ ವಿಷದಿಂದ ಸತ್ತಿತೆಂದು ಒಂದು ಕಡೆ, ಹಸಿವಿನಿಂದ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? (ಕುಶಾಲನಗರ)

ಉತ್ತರ: 1845ರಲ್ಲಿ ಬ್ರಿಟಿಷ್ ನೌಕಾಪಡೆಯ ಜಾನ್ ಫ್ರಾಂಕ್ಲಿನ್ ನೇತೃತ್ವದಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ ಹೋದ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. ಬೀಚಿ ದ್ವೀಪದ ಹೆಪ್ಪುಗಟ್ಟಿದ ನೆಲದಲ್ಲಿ ಹೂತ ಮೂವರ ದೇಹಗಳನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಸೀಸ ಹೆಚ್ಚಿತ್ತು. ಆ ಕೆಲಸವನ್ನು ಓವನ್ ಬೀಟಿ ಮತ್ತು ಜಾನ್ ಗೈಗರ್ ಅವರ ‘ಫ್ರೋಜನ್ ಇನ್ ಟೈಮ್’ ವಿವರವಾಗಿ ಹೇಳುತ್ತದೆ. ಓದಲೇಬೇಕಾದ ಪುಸ್ತಕ, ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಕಾಲದ ಇತರರ ಮೈಯಲ್ಲೂ ಸೀಸ ಕಡಿಮೆ ಇರಲಿಲ್ಲ. ಎಲ್ಲ ಸಾವನ್ನೂ ಅದರ ಮೇಲೆ ಹೊರಿಸಲು ನಂತರದ ಪರೀಕ್ಷೆಗಳು ಒಪ್ಪುವುದಿಲ್ಲ. ಹಡಗು ಬಿಟ್ಟು 105 ಜನ ಕಿಂಗ್ ವಿಲಿಯಂ ದ್ವೀಪದ ದಡ ಹತ್ತಿದ್ದು 1848ರ ಏಪ್ರಿಲಿನಲ್ಲಿ. ಬೇಟೆ ತೀರಾ ವಿರಳವಾದ ಆ ನೆಲದಲ್ಲಿ ಅಷ್ಟು ಹೊಟ್ಟೆಗಳಿಗೆ ಅನ್ನ ಎಲ್ಲಿಂದ ಬರಬೇಕು?

ಜತೆಯಲ್ಲೇ ಡೇವಿಡ್ ವುಡ್‌ಮನ್ ಅವರ ‘ಅನ್‌ರಾವೆಲಿಂಗ್ ದ ಫ್ರಾಂಕ್ಲಿನ್ ಮಿಸ್ಟರಿ’ ಓದಿ. ಇನುಯಿಟ್ ಜನರ ಹೇಳಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು ತೂಗಿ ನೋಡುವ ಪುಸ್ತಕ ಅದು. ನೂರೈವತ್ತು ವರ್ಷ ಆ ಮಾತುಗಳಿಗೆ ಕಿವಿಗೊಡದವರೇ ಹೆಚ್ಚು. ಕೊನೆಗೆ 2014ರಲ್ಲಿ ಎರೆಬಸ್ ಸಿಕ್ಕಿದ್ದು ಅವರ ಹಿರಿಯರು ಹೇಳಿದ್ದ ಕಡೆಯಲ್ಲೇ, 2016ರಲ್ಲಿ ಟೆರರ್ ಸಿಕ್ಕಿದ್ದು ಇನುಯಿಟ್ ವ್ಯಕ್ತಿಯೊಬ್ಬರು ಕೊಟ್ಟ ಸುಳಿವಿನಿಂದ. ಅದೇ ಕಿಂಗ್ ವಿಲಿಯಂ ದ್ವೀಪದಲ್ಲಿ ನಾರ್ವೆಯ ಅಮುಂಡ್ಸನ್ ಮತ್ತು ಆರು ಜನ ‘ಯೋವಾ’ ಎಂಬ ಪುಟ್ಟ ಹಡಗಿನಲ್ಲಿ 1903ರಿಂದ ಎರಡು ಚಳಿಗಾಲ ಕಳೆದರು. ಅಲ್ಲಿನವರಿಂದ ಹಿಮಸಾರಂಗದ ಚರ್ಮದ ಉಡುಪು ತೊಡುವುದು, ನಾಯಿ ಓಡಿಸುವುದು, ಹಿಮದ ಮನೆ ಕಟ್ಟುವುದು ಕಲಿತರು. ಏಳು ಬಾಯಿಗೆ ಆ ನೆಲ ಊಟ ಕೊಟ್ಟಿತು.

ಪ್ರಶ್ನೆ: ಉತ್ತರ ಧ್ರುವ ಮೊದಲು ಮುಟ್ಟಿದ್ದು ಪಿಯರಿಯೋ ಕುಕ್ಕೋ? (ಪೊನ್ನಂಪೇಟೆ)

ಉತ್ತರ: ಇಬ್ಬರೂ ಅಮೆರಿಕನ್ನರು. ಫ್ರೆಡರಿಕ್ ಕುಕ್ 1908 ಎಂದರು, ರಾಬರ್ಟ್ ಪಿಯರಿ 1909ರ ಏಪ್ರಿಲ್ 6 ಎಂದರು. ಇಬ್ಬರ ದಾಖಲೆಯೂ ಗಟ್ಟಿಯಿಲ್ಲ. ಈ ಜಗಳದ ಪುಸ್ತಕಗಳಿಗಿಂತ, ಪಿಯರಿಯ ಜತೆ ನಡೆದ ಕಪ್ಪುವರ್ಣೀಯ ಸಂಗಾತಿ ಮ್ಯಾಥ್ಯೂ ಹೆನ್ಸನ್ 1912ರಲ್ಲಿ ಪ್ರಕಟಿಸಿದ ತನ್ನದೇ ಕಥನ ಓದಿ. ಚಿಕ್ಕದು, ಇದೂ ಪುಕ್ಕಟೆ ಸಿಗುತ್ತದೆ.

ಪ್ರಶ್ನೆ: ಎಲ್ಲವೂ ಬಿಳಿಯ ಗಂಡಸರ ಪುಸ್ತಕಗಳೇ? (ಮಡಿಕೇರಿ)

ಉತ್ತರ: ಅಲ್ಲ, ಮತ್ತು ನಮ್ಮ ಮೆಚ್ಚಿನ ಎರಡು ಪುಸ್ತಕಗಳು ಈ ಸಾಲಿನವೇ. ಆಸ್ಟ್ರಿಯಾದ ಕ್ರಿಸ್ಟಿಯಾನೆ ರಿಟ್ಟರ್ 1934–35ರ ಚಳಿಗಾಲವನ್ನು ಸ್ಪಿಟ್ಸ್‌ಬರ್ಗೆನ್ ದ್ವೀಪದ ಉತ್ತರ ದಡದ ಗುಡಿಸಲೊಂದರಲ್ಲಿ, ಬೇಟೆಗಾರ ಗಂಡ ಮತ್ತು ಇನ್ನೊಬ್ಬ ಬೇಟೆಗಾರನ ಜತೆ ಕಳೆದರು. ಇಂಗ್ಲಿಷಿನಲ್ಲಿ ‘ಎ ವುಮನ್ ಇನ್ ದ ಪೋಲಾರ್ ನೈಟ್’. ದಾಖಲೆ ಮುರಿಯುವ ಹಟ ಇಲ್ಲಿಲ್ಲ. ಒಲೆಯ ಮಸಿ, ಮುಗಿಯದ ಕತ್ತಲೆ, ಬಿರುಗಾಳಿಯಲ್ಲಿ ಒಬ್ಬಳೇ ಉಳಿದ ದಿನಗಳು ಇವೆ.

ಇನ್ನೊಂದು, ಟೋಗೋ ದೇಶದ ತೆತೆ-ಮಿಶೆಲ್ ಪೊಮಾಸಿ ಅವರ ‘ಆ್ಯನ್ ಆಫ್ರಿಕನ್ ಇನ್ ಗ್ರೀನ್‌ಲ್ಯಾಂಡ್’. ತೆಂಗಿನ ಮರ ಹತ್ತಿದಾಗ ಹಾವು ಎದುರಾಗಿ ಕೆಳಗೆ ಬಿದ್ದ ಹುಡುಗನನ್ನು ಹಾವಿನ ಆರಾಧಕರಿಗೆ ಒಪ್ಪಿಸುವುದೆಂದು ಮನೆಯವರು ಮಾತು ಕೊಟ್ಟರು. ಅಷ್ಟರಲ್ಲಿ ಅವನ ಕೈಗೆ ಗ್ರೀನ್‌ಲ್ಯಾಂಡಿನ ಪುಸ್ತಕ ಸಿಕ್ಕಿತು: ಮರವಿಲ್ಲ, ಹಾವಿಲ್ಲ! ಮನೆ ಬಿಟ್ಟು, ದಾರಿಯುದ್ದಕ್ಕೂ ದುಡಿಯುತ್ತ, ಅಲ್ಲಿಗೆ ತಲುಪಲು ಎಂಟು ವರ್ಷ ಹಿಡಿಯಿತು. ಗ್ರೀನ್‌ಲ್ಯಾಂಡಿನ ಮನೆಗಳ ಒಳಗನ್ನು ಇಷ್ಟು ಹತ್ತಿರದಿಂದ ಕಂಡ ಪರಊರಿನ ಲೇಖಕರು ಕಡಿಮೆ.

ಪ್ರಶ್ನೆ: ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ಧ್ರುವಯಾತ್ರೆಯ ಸಂಪುಟಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಮಡಿಸುವ ನಕ್ಷೆಯ ಮಡಿಕೆಯೂ ಹರಿಯುತ್ತಿದೆ. ಉಳಿಸಿಕೊಳ್ಳುವುದು ಹೇಗೆ? (ಭಾಗಮಂಡಲ)

ಉತ್ತರ: ತೇವವಿರುವಾಗ ಬಟ್ಟೆಯಿಂದ ಒರೆಸಬೇಡಿ, ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ಬೇರೆ ಪುಸ್ತಕಗಳಿಂದ ದೂರ ಇಡಿ. ಹತ್ತಿಪ್ಪತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಸೇರಿಸಿ, ಫ್ಯಾನಿನ ಗಾಳಿಗೆ ಇಟ್ಟು, ಕಾಗದವನ್ನು ಕೆಲವು ಗಂಟೆಗೊಮ್ಮೆ ಬದಲಾಯಿಸಿ. ಪೂರ್ತಿ ಒಣಗಿದ ಮೇಲೆ ಮಳೆ ಬಿಟ್ಟ ಹೊತ್ತಿನಲ್ಲಿ ಹೊರಗೆ ಕೂತು, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ಹೊಲಿಗೆಯ ಕಡೆಯಿಂದ ಹೊರಗಂಚಿಗೆ ಗುಡಿಸಿ. ಒಲೆಯ ಮೇಲಿನ ಅಟ್ಟದಲ್ಲಿಡುವ ರೂಢಿ ಬೇಡ. ಅಲ್ಲಿ ತೇವವಿಲ್ಲ ನಿಜ, ಆದರೆ ಹೊಗೆ ಕಾಗದವನ್ನು ಕಂದಾಗಿಸಿ ಪುಡಿಯಾಗಿಸುತ್ತದೆ.

ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬೆಳೆಯುತ್ತದೆ. ನಿಮ್ಮಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಅದು ಇಳಿಯುವುದೇ ಅಪರೂಪ. ಆದ್ದರಿಂದ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು. 20 ಲೀಟರಿನದಕ್ಕೆ 200 ಗ್ರಾಂ ಸಿಲಿಕಾ ಜೆಲ್, ಬಟ್ಟೆಚೀಲದಲ್ಲಿ ಕಟ್ಟಿ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಕಾಯಿಸಿ, ಮತ್ತೆ ಬಳಸಬಹುದು. ನೀಲಿ ಹರಳಿನಲ್ಲಿ ಕೋಬಾಲ್ಟ್ ವಿಷವಿದೆ, ಅದನ್ನು ಅಡುಗೆಮನೆಗೆ ತರಬೇಡಿ. ಒದ್ದೆ ಪುಸ್ತಕವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಹೊರಗಿಟ್ಟದ್ದಕ್ಕಿಂತ ಬೇಗ ಕೊಳೆಯುತ್ತದೆ.

ಹುಳ ಕೊರೆದ ಗುರುತಿದ್ದರೆ ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18ರ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹುಳುವೂ ಮೊಟ್ಟೆಯೂ ಸಾಯುತ್ತವೆ. ಬೂಷ್ಟಿನ ಬೀಜಕಗಳು ಸಾಯುವುದಿಲ್ಲ, ಸುಮ್ಮನೆ ಮಲಗುತ್ತವೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂರುತ್ತದೆ.

ನಕ್ಷೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದದ ಆಚೆ ಬದಿಗೂ ಇಳಿಯುತ್ತದೆ. ಮಡಿಕೆ ಪೂರ್ತಿ ಹರಿಯುವ ಮೊದಲು ಒಮ್ಮೆ ಬಿಚ್ಚಿ, ಗಾಜಿನ ಕೆಳಗೆ ಸಮತಟ್ಟಾಗಿ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ದೊಡ್ಡದಾಗಿ ಮುದ್ರಿಸಿಕೊಂಡು ಪೆನ್ಸಿಲ್ ಗುರುತುಗಳನ್ನೆಲ್ಲ ಆ ಪ್ರತಿಯ ಮೇಲೆ ಹಾಕಿ. ಮೂಲ ನಕ್ಷೆ ಡಬ್ಬಿಯಲ್ಲೇ ಇರಲಿ.