ಪ್ರಾಣಿಗಳ ವೈರಸ್ ಅಧ್ಯಯನ ಮಾಡುವವರು ಮೆದುಳಿನ ಸಂಶೋಧನೆಗೆ ಹೇಗೆ ಬರುತ್ತಾರೆ?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಲಿನ್ ಎನ್‌ಕ್ವಿಸ್ಟ್ ಅವರನ್ನೇ ನೋಡಿ. ಶುರುವಿನಲ್ಲಿ ಅವರ ಕೆಲಸ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ ಮೇಲೆ. ಆಮೇಲೆ ಹಿಡಿದದ್ದು ಹಂದಿಗಳ ಸೂಡೋರೇಬೀಸ್ ವೈರಸ್. ಹೆಸರಲ್ಲಿ ರೇಬೀಸ್ ಇದ್ದರೂ ಇದು ಹರ್ಪಿಸ್ ಕುಟುಂಬದ್ದು. ದನಕ್ಕೋ ನಾಯಿಗೋ ತಗಲಿದರೆ ವಿಪರೀತ ತುರಿಕೆ ಬಂದು, ಮೈ ಕಚ್ಚಿಕೊಂಡು ಸಾಯುತ್ತವೆ.

ಅವರನ್ನು ಮೆದುಳಿನ ಕಡೆಗೆ ಎಳೆದದ್ದು ಈ ವೈರಸ್ಸೇ ಅನ್ನಬಹುದು. ಅದು ಒಂದು ನರಕೋಶದಿಂದ ಅದಕ್ಕೆ ಜೋಡಿಯಾದ ಇನ್ನೊಂದಕ್ಕೆ ದಾಟುತ್ತದೆ. ಹಂದಿಗಳ ಲಸಿಕೆಗೆ ಬಳಸುವ ಬಾರ್ತಾ ತಳಿಯಂತೂ ಒಂದೇ ದಿಕ್ಕಿನದು: ಸಂದೇಶ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಜೆಲ್ಲಿಮೀನಿನ ಹಸಿರು ಪ್ರೋಟೀನಿನ ಜೀನ್ ಸೇರಿಸಿ ಇಲಿಯ ಒಂದು ಅಂಗಕ್ಕೆ ಚುಚ್ಚಿದರೆ, ಕೆಲವು ದಿನಗಳಲ್ಲಿ ಆ ಅಂಗವನ್ನು ಆಳುವ ಮೆದುಳಿನ ಕೋಶಗಳು ಹಸಿರಾಗಿ ಹೊಳೆಯುತ್ತವೆ.

ಸುಮ್ನೆ ಬಣ್ಣ ಹಾಕಿದರೆ ದೂರ ಹೋದಷ್ಟೂ ತೆಳುವಾಗುತ್ತದೆ, ಅಲ್ವಾ? ವೈರಸ್ ಹಾಗಲ್ಲ, ಹೊಕ್ಕ ಪ್ರತಿ ಕೋಶದಲ್ಲೂ ಮರಿ ಹಾಕಿ ಜಾಸ್ತಿಯಾಗುತ್ತದೆ. ತೊಂದರೆ ಒಂದೇ, ಕೊನೆಗೆ ಆ ಕೋಶವನ್ನೇ ಕೊಲ್ಲುತ್ತದೆ. ಹಾಗಾಗಿ ಗಂಟೆ ಲೆಕ್ಕ ಹಾಕಿಯೇ ಮೆದುಳನ್ನು ನೋಡಬೇಕು.